ಐದು ಸೀಲಿನ ಗಾಡಿ

ಏಪ್ರಿಲ್ 4, ಬೆಳಿಗ್ಗೆ 8

ಇಂದೂ ಎರಡು ಗಾಡಿ ತೊಳೆಸಿ ಷೆಡ್ಡಿನ ಮುಂದೆ ನಿಲ್ಲಿಸಿದೆ. ತೊಳೆದ ಗಾಡಿ ಅರ್ಧ ಮಾರಿದ ಹಾಗೆ. ಉಳಿದರ್ಧಕ್ಕೆ ನನ್ನ ನಾಲಿಗೆ ಇದೆ. ಇಪ್ಪತ್ತೆರಡು ವರ್ಷದಿಂದ ಹಳೇ ಗಾಡಿ ಮಾರಿಯೇ ಮನೆ ಕಟ್ಟಿದವನು.

ಅಕ್ಕನ ಫೋನ್. ಅವಳ ಮಗಳ ಹೆರಿಗೆ ಹತ್ತಿರ ಬಂತು. ಎಂಟುನೂರು ಕಿಲೋಮೀಟರ್, ಬೆಟ್ಟದ ದಾರಿ. ತಾನೇ ಓಡಿಸಿಕೊಂಡು ಹೋಗುತ್ತಾಳಂತೆ — ಎರಡು ವರ್ಷದ ಹಿಂದೆ ನಾನೇ ಅವಳಿಗೆ ಮಾರಿದ ಎಸ್‌ಯುವಿಯಲ್ಲಿ. ಮೀಟರ್ 1,86,000 ದಾಟಿದೆ.

“ಹೋಗೋ ಮುಂಚೆ ಒಂದ್ಸಲ ತೋರಿಸೋಣ” ಎಂದೆ.

“ಎಲ್ಲಾ ಮಾಡಿಸಿದೆ ಅಂತ ಪುಸ್ತಕದಲ್ಲೇ ಇದೆಯಲ್ಲೋ. ಬೆಲ್ಟೂ ಹೊಸದು.”

ಆ ಸರ್ವಿಸ್ ಪುಸ್ತಕ. ಐದು ಸರ್ವಿಸ್, ಐದು ದಿನಾಂಕ, ಮೂರು ಪೆನ್ನು. ಬರೆದದ್ದು ಒಂದೇ ಮಧ್ಯಾಹ್ನ, ಬರೆದವನು ನಾನು. ಸೀಲು ಮಾತ್ರ ಅಸಲಿ... ಪರಿಚಯದ ಗ್ಯಾರೇಜಿನ ಮೇಸ್ತ್ರಿ ಟೀ ಕುಡಿಯಲು ಎದ್ದಾಗ ಅವನ ಮೇಜಿನ ಮೇಲಿದ್ದದ್ದನ್ನು ಐದು ಸಲ ಒತ್ತಿಕೊಂಡೆ. ಯಾರೋ ಗಿರಾಕಿಗೆಂದು ಮಾಡಿದ್ದು. ಅಕ್ಕ ಬಂದು ಅದೇ ಗಾಡಿಯನ್ನು ಮೆಚ್ಚಿದಳು. ಆಗಲೂ ಬಾಯಿ ಬಿಡಲಿಲ್ಲ.

ಏಪ್ರಿಲ್ 6

ಬೇರೆ ಗ್ಯಾರೇಜಿಗೆ ಬಿಡೋಣವೆಂದರೆ ಅಕ್ಕ ಕೇಳಬೇಕಲ್ಲ. “ಗಾಡಿ ಹಣೆಬರಹ ಗೊತ್ತಿರೋನು ಇರುವಾಗ ಹೊಸಬನ ಹತ್ರ ಯಾಕೋ?” ಸೀಲಿನಲ್ಲಿದ್ದ ವಿಳಾಸ ನೋಡಿ ಸೀದಾ ಮೇಸ್ತ್ರಿಯ ಬಾಗಿಲಿಗೇ ಬಿಟ್ಟು ಹೋಗಿದ್ದಾಳೆ.

ಓಡಿದೆ. ಮೇಸ್ತ್ರಿ ಪುಸ್ತಕ ತಿರುವುತ್ತಿದ್ದ.

“ಯಜಮಾನ್ರೇ, ಈ ಗಾಡೀನ ನಾನು ನೋಡ್ತಿರೋದು ಇವತ್ತೇ ಮೊದಲು.”

ಪುಸ್ತಕಕ್ಕೆ ಕೈ ಚಾಚಿದೆ. ಅದೇ ಉತ್ತರವಾಯಿತು.

“ಅಕ್ಷರ ಮುದ್ದಾಗಿದೆ ಬಿಡಿ” ಎಂದು ಬಾನೆಟ್ ಎತ್ತಿದ.

ಏಪ್ರಿಲ್ 7, ಸಂಜೆ

ಟೈಮಿಂಗ್ ಬೆಲ್ಟ್ ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿದೆ. ಬ್ರೇಕ್ ಆಯಿಲ್ ಮಸಿ. ಮುಂದಿನ ಚಕ್ರದ ಬ್ರೇಕ್ ಪ್ಯಾಡುಗಳು ಸವೆದು ತಗಡು ಮುಟ್ಟಿವೆ. ರೇಡಿಯೇಟರಿನಲ್ಲಿ ತುಕ್ಕಿನ ನೀರು.

“ಇಳಿಜಾರಲ್ಲಿ ಬೆಲ್ಟ್ ಹರಿದ್ರೆ ಇಂಜಿನ್ ಅಲ್ಲೇ ನಿಲ್ಲುತ್ತೆ. ಸ್ಟೀರಿಂಗ್ ಕಲ್ಲಾಗುತ್ತೆ. ಬ್ರೇಕು ಹಿಂಗಿದೆ... ಮುಂದಿಂದು ನಾನು ಹೇಳ್ಬೇಕಾ?” ಎಂದ ಮೇಸ್ತ್ರಿ.

ಬೇಡ ಎಂದೆ. ಎಲ್ಲ ಹೊಸದೇ ಹಾಕು ಎಂದೆ.

ಏಪ್ರಿಲ್ 9

ಅಕ್ಕ ಹೇಳದೆ ಕೇಳದೆ ಗ್ಯಾರೇಜಿಗೆ ಬಂದಳು. ಬಿಚ್ಚಿದ ಬೆಲ್ಟು ಬೆಂಚಿನ ಮೇಲೇ ಇತ್ತು. ಮೂವತ್ತು ವರ್ಷ ನರ್ಸಾಗಿದ್ದವಳು. ಸುಳ್ಳು ದಾಖಲೆ ಕಂಡರೆ ಮೈಯೆಲ್ಲ ಉರಿ. ಮೇಸ್ತ್ರಿಯ ಮೇಲೆ ತಿರುಗಿಬಿದ್ದಳು.

“ಬದಲಾಯಿಸಿದೀನಿ ಅಂತ ಸೀಲು ಹೊಡೆದಿದೀಯಲ್ಲಪ್ಪ! ಕೊಡದ ಇಂಜೆಕ್ಷನ್ನ ಕೊಟ್ಟೆ ಅಂತ ನಾನು ಬರೆದಿದ್ರೆ ಜೈಲಿಗೆ ಹಾಕೋರು. ತಲೆ ನೆರೆತಿದೆ, ನಾಚಿಕೆ ಬೇಡ್ವಾ?”

ಮೇಸ್ತ್ರಿ ನನ್ನತ್ತ ನೋಡಿದ. ಕಾದ. ನನ್ನಿಂದ ಒಂದು ಮಾತು ಸಾಕಿತ್ತು. ಮಾತು ಮಾರಿಯೇ ಬದುಕಿದವನ ಅಂಗಡಿಯಲ್ಲಿ ಆಗ ಮಾಲೇ ಇರಲಿಲ್ಲ.

“ಸೀಲು ನಂದೇ, ಅಮ್ಮಾ” ಎಂದ ಅವನು. ಅಷ್ಟೇ. ಅದು ಸುಳ್ಳೂ ಅಲ್ಲ.

ಹೊರಗೆ ಬಂದ ಮೇಲೆ ಅಕ್ಕ ನನ್ನ ತೋಳು ಹಿಡಿದಳು. “ಸದ್ಯ, ನೀನು ಹಟ ಹಿಡಿದು ತೋರಿಸ್ದೆ. ಇಲ್ದಿದ್ರೆ ನನ್ನ ಕತೆ ಮುಗೀತಿತ್ತು ಕಣೋ.”

ಆ ತೋಳು ಇನ್ನೂ ನನ್ನದಲ್ಲದ ಹಾಗಿದೆ.

ಏಪ್ರಿಲ್ 13

ಬರೆಯಲು ಕೈ ಬರಲಿಲ್ಲ. ಆ ಗ್ಯಾರೇಜಿಗೆ ಕಾಲಿಡಬೇಡಿ ಎಂದು ಅಕ್ಕ ಬೀದಿಗೆಲ್ಲ ಸಾರಿದ್ದಾಳೆ. ಇವತ್ತು ಹೋದರೆ, ನಾಲ್ಕು ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಇಂಜಿನ್ ಬಿಚ್ಚಿದ್ದರಿಂದ ಅಲ್ಲೇ ಉಳಿದ ಅವಳದೊಂದೇ. ಮೇಸ್ತ್ರಿ ಚಕ್ರದ ನಟ್ಟು ಬಿಗಿಯುತ್ತಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ದ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ. ಅವತ್ತು ಹೇಳ್ತೀರಿ ಅಂದ್ಕೊಂಡಿದ್ದೆ.” ನಟ್ಟು ಇನ್ನೊಂದು ಸುತ್ತು ತಿರುಗಿಸಿದ. “ಈಗ ಅಂದ್ಕೊಂಡಿಲ್ಲ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಪ್ರಿಲ್ 14, ಮಧ್ಯಾಹ್ನ 12

ಹೇಳಿದೆ. ಅಕ್ಕನ ಅಡುಗೆಮನೆಯಲ್ಲಿ, ನಿಂತುಕೊಂಡೇ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಪೆನ್ನು, ಸೀಲು, ಮೇಸ್ತ್ರಿ ಟೀಗೆ ಎದ್ದದ್ದು — ಒಂದೂ ಬಿಡಲಿಲ್ಲ.

ಬೈಯಲಿಲ್ಲ. ಎದ್ದು ಕೈ ತೊಳೆದಳು. ಚೀಲ ತೆಗೆದುಕೊಂಡಳು. “ಮೊದ್ಲು ಆ ಮನುಷ್ಯನ ಹತ್ರ ಹೋಗ್ಬೇಕು. ಆಮೇಲೆ ಮನೆಮನೆಗೂ ಹೋಗಿ ಹೇಳಿದ್ದನ್ನ ವಾಪಸ್ ತಗೋಬೇಕು.” ಬಾಗಿಲವರೆಗೂ ಹೋಗಿ ನಿಂತಳು.

“ಎರಡು ವರ್ಷದಲ್ಲಿ ಒಂದ್ಸಲನೂ ನನ್ನ ಗಾಡೀಲಿ ಕೂತಿಲ್ಲ ನೀನು. ಬಾರೋ ಅಂದ್ರೆ ಬೈಕಲ್ಲೇ ಹಿಂದೆ ಬರ್ತಿದ್ದೆ. ಅಕ್ಕ ಒಬ್ಳೇ ಓಡಿಸ್ತಾಳೆ ಅಂತ ತಮ್ಮ ಕಾವಲಿಗೆ ಬರ್ತಾನೆ... ಹಂಗಂತ ನಾನೇ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ನಲ್ಲೋ.”

ಉತ್ತರಕ್ಕೆ ಕಾಯದೆ ಹೋದಳು.

ಇಲ್ಲಾದರೂ ಬರೆಯಬೇಕು. ಓದುವವರು ಯಾರೂ ಇಲ್ಲ. ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು. ಹಿಂದೆ ಬರುತ್ತಿದ್ದದ್ದು ಕಾವಲಿಗಲ್ಲ, ನಾನು ಮಾರಿದ ಗಾಡಿಯಲ್ಲಿ ಕೂರಲು ನನಗೇ ಹೆದರಿಕೆಯಿತ್ತು.