ನಿಮಿಷಕ್ಕೆ ಮೂರು ಸೆಕೆಂಡು

ಅಂಗಡಿಯಿಂದ,
ಗುರುವಾರ, ಹನ್ನೆರಡನೇ ತಾರೀಖು

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯೇ? ಬೆನ್ನುನೋವು ಕಡಿಮೆಯಾಯಿತೇ? ಮಾತ್ರೆ ನುಂಗುತ್ತಿದ್ದೀಯೋ, ಇಲ್ಲಾ ಯಥಾಪ್ರಕಾರ ಕಪಾಟಿನಲ್ಲಿ ಜೋಡಿಸಿಟ್ಟು ನೋಡುತ್ತಿದ್ದೀಯೋ? ಅಳಿಯಂದಿರ ಕೆಮ್ಮು ಹೇಗಿದೆ? ನನ್ನದು ಹೇಗೋ ನಡೆದಿದೆ. ಎಡಗಣ್ಣಿಗೆ ಪೊರೆ ಬಂದಿದೆಯಂತೆ. ಗಡಿಯಾರ ರಿಪೇರಿ ಮಾಡುವವಳಿಗೆ ಭೂತಗನ್ನಡಿ ಹಾಕುವ ಕಣ್ಣೇ ಹೋಗಬೇಕೆ! ಈಗ ಬರುವವರೂ ಸೆಲ್ ಬದಲಾಯಿಸಿಕೊಳ್ಳಲು ಬರುತ್ತಾರೆ ಅಷ್ಟೇ, ಬಿಡು.

ನಿನ್ನ ಪತ್ರ ಓದಿದಾಗಿನಿಂದ ಊಟ ಸೇರುತ್ತಿಲ್ಲ. ಭಾನುವಾರ ನನ್ನ ಮೊಮ್ಮಗಳನ್ನು ಓಟದ ತಂಡದ ಆಯ್ಕೆಗೆ ಕರೆದುಕೊಂಡು ಹೋಗುತ್ತೀಯಂತೆ. 'ಅಮ್ಮಾ, ನಿನ್ನ ಸ್ಟಾಪ್‌ವಾಚಲ್ಲೇ ನೋಡಿದೆ, ಒಂದು ಸುತ್ತಿಗೆ ಅರವತ್ತಮೂರು ಸೆಕೆಂಡು! ಇವಳು ನನ್ನ ಥರ ಪುಕ್ಕಲಿ ಅಲ್ಲ' ಎಂದು ಬರೆದಿದ್ದೀಯ. ಕರೆದುಕೊಂಡು ಹೋಗಬೇಡ ಕಣೇ. ಆ ವಾಚು ಸುಳ್ಳು ಹೇಳುತ್ತದೆ. ಹೇಳಿಸಿದವಳು ನಾನು.

ಆಗ ನಿನಗೆ ಹದಿನೈದು. ಹುಡುಗಿಯಾಗಿದ್ದಾಗ ನಾನು ಓಡಿದ್ದೇ ಓಡಿದ್ದು. ಮದುವೆಯಾದ ಮೇಲೆ ಬಸ್ಸು ಹಿಡಿಯಲಷ್ಟೇ ಓಡಿದೆ. ಹಾಗಾಗಿ ನಿನ್ನನ್ನು ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಮೈದಾನಕ್ಕೆ ಎಳೆದೊಯ್ಯುತ್ತಿದ್ದ ಆ ಎರಡು ವರ್ಷವೇ ನಾನು ಕಂಡ ಸುಖ. ನೀನು ಕಡೆಯ ತಿರುವಿನಲ್ಲಿ ಹಲ್ಲು ಕಚ್ಚಿಕೊಂಡು ಬರುವಾಗ ನಾನು ಗೆರೆಯ ಪಕ್ಕ ಚಪ್ಪಲಿ ಬಿಟ್ಟು ಕುಣಿಯುತ್ತಿದ್ದೆ. 'ಓಡ್ತಿರೋದು ನಾನು, ಏದುಸಿರು ನಿಂದು' ಎಂದು ನೀನು ನಗುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ನೀನು ಅರವತ್ತಾರು ಸೆಕೆಂಡಿಗೇ ಅಂಟಿಕೊಂಡೆ. ಅರವತ್ತನಾಲ್ಕರೊಳಗೆ ಬಂದವರಿಗಷ್ಟೇ ತಂಡದಲ್ಲಿ ಜಾಗ. 'ಸಾಕಮ್ಮಾ, ನನ್ ಕೈಲಾಗಲ್ಲ, ಬಿಟ್ಬಿಡ್ತೀನಿ' ಎಂದೆ. ನನಗೆ ಜೀವವೇ ಹೋದಂತಾಯಿತು. ಅವತ್ತು ಅಂಗಡಿಯಲ್ಲಿ ವಾಚು ಬಿಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ತುಸು ಉದ್ದ ಬಿಟ್ಟೆ. ನಿಮಿಷಕ್ಕೆ ಮೂರು ಸೆಕೆಂಡು ನಿಧಾನ. ಮಾರನೆಯ ದಿನ ಅರವತ್ತಮೂರು ನೋಡಿ ನೀನು ನನ್ನ ಕೊರಳಿಗೆ ಜೋತುಬಿದ್ದೆ. ನಿನಗೋಸ್ಕರ ಮಾಡಿದೆ ಎಂದರೆ ಅದೂ ಸುಳ್ಳೇ. ನೀನು ಬಿಟ್ಟರೆ ನನ್ನ ಬೆಳಗುಗಳು ಹೋಗುತ್ತವಲ್ಲ ಎಂಬ ಸಂಕಟ ನನಗೆ. ಹುಮ್ಮಸ್ಸಿನಲ್ಲಿ ನೀನು ನಿಜವಾಗಿಯೂ ಅಷ್ಟು ಓಡಿದ ಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ.

ಆಯ್ಕೆಯ ದಿನ ಅವರ ವಾಚು ಅರವತ್ತಾರು ತೋರಿಸಿತು. ನೀನು ಎಂದಿನಂತೆಯೇ ಓಡಿದ್ದೆ ಪುಟ್ಟೀ, ಚೂರೂ ಕಡಿಮೆಯಿಲ್ಲ. 'ಜನ ನೋಡಿ ಕಾಲು ನಡುಗಿಬಿಡ್ತಮ್ಮಾ, ನಂಗೆ ಎದೆಗಾರಿಕೆನೇ ಇಲ್ಲ' ಎಂದು ಅತ್ತೆ. ನಾನು ಬೆನ್ನು ಸವರಿದೆ, ನಮ್ಮ ವಾಚನ್ನು ಚೀಲದೊಳಗೆ ಹಾಕಿಕೊಂಡೆ. ಮುಂದೆ ನೀನು ನರ್ಸಿಂಗ್ ಪರೀಕ್ಷೆಯ ಬಾಗಿಲಿನವರೆಗೆ ಹೋಗಿ ವಾಪಸ್ ಬಂದೆ. ಆಫೀಸಿನಲ್ಲಿ ಮೇಲಿನ ಹುದ್ದೆ ಕೊಟ್ಟರೆ ಒಲ್ಲೆ ಎಂದೆ. 'ಹೊತ್ತಿಗೆ ಸರಿಯಾಗಿ ಕೈಕೊಡೋಳು ನಾನು' ಎಂದು ನಗುತ್ತಲೇ ಹೇಳುತ್ತೀಯ. ಇಪ್ಪತ್ತೆರಡು ವರ್ಷದಿಂದ ಕೇಳಿಸಿಕೊಂಡು ಸುಮ್ಮನಿದ್ದೇನೆ, ನನ್ನ ಬಾಯಿಗೆ ಬೆಂಕಿ ಬೀಳ! ವಾಚು ಸರಿಮಾಡಲು ಅರ್ಧ ಗಂಟೆ ಸಾಕಿತ್ತು, ಮುಟ್ಟಲು ಕೈ ಬರಲಿಲ್ಲ. ಮದುವೆಯಾಗಿ ಹೋಗುವಾಗ ನೆನಪಿಗೆ ಅಂತ ನೀನೇ ಒಯ್ದೆ. ಫೋನಿನಲ್ಲಿ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಈಗ ಹೇಳಿದರೂ ನಿನ್ನ ಹೋದ ವರ್ಷಗಳು ಬರುತ್ತವೆಯೇ? ಏನೂ ಬರುವುದಿಲ್ಲ. ಮಗುವನ್ನಾದರೂ ತಡೆ. ಈ ಕಾಗದ ಶನಿವಾರ ತಲುಪಬಹುದು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿನ ಎರಡೂ ಕೆನ್ನೆಗೆ ಮುತ್ತು. ನನ್ನನ್ನು ಬೈದುಕೊಂಡಾದರೂ ಸರಿ, ನೀನು ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗಲೇ ನಿನ್ನ ಫೋನು ಬಂತಲ್ಲ. ಭಾನುವಾರದ ಆಯ್ಕೆಯನ್ನು ಇವತ್ತು ಬೆಳಿಗ್ಗೆಯೇ ಮುಗಿಸಿಬಿಟ್ಟರು, ಅರವತ್ತಾರು ಬಂತು, ಮಗು ಮುಸುಕೆಳೆದು ಮಲಗಿದೆ ಎಂದು ನೀನು ಹೇಳಿದೆ. 'ಏನಾದ್ರೂ ಸಮಾಧಾನ ಹೇಳಮ್ಮಾ' ಎಂದು ಅವಳ ಕೈಗೇ ಫೋನು ಕೊಟ್ಟೆ. 'ಅಜ್ಜೀ, ನಾನೂ ಅಮ್ಮನ ಥರ ಪುಕ್ಕಲಿನಾ?' ಎಂದು ಕೇಳಿದಳು. ಬರೆದ ಕಾಗದ ನನ್ನ ಎದುರಿಗೇ ಇತ್ತು. 'ಹೂಂ ಕಂದಾ, ಅದಕ್ಕೇನೀಗ' ಎಂದುಬಿಟ್ಟೆ.