ತೋಂಕಾಳ ಪಕ್ಕದ ಕುರ್ಚಿ

ಶಿಬೆನಿಕ್, ಜೂನ್ ೯

ಮಾನ್ಯ ಮುಖ್ಯೋಪಾಧ್ಯಾಯಿನಿ ಬ್ಲಾಜೆಂಕಾ ಅವರಿಗೆ,

ಬರುವ ವರ್ಷವೂ ತೋಂಕಾಳಿಗೆ ತರಗತಿಯಲ್ಲಿ ಸಹಾಯಕಿ ಬೇಕೇ ಎಂದು ನಿಮ್ಮ ನಮೂನೆ ಕೇಳುತ್ತದೆ, ಅದೂ ಸಹಾಯಕಿಯಾದ ನನ್ನನ್ನೇ. ‘ಬೇಕು’ ಎಂದರೆ ನನ್ನ ಕೆಲಸ ಉಳಿಯುತ್ತದೆ. ‘ಬೇಡ’ ಎಂದರೆ ಅವಳು ಪಾಸು, ನಾನು ಮನೆಗೆ.

ಮೂರು ವರ್ಷದ ಹಿಂದೆ ಬಂದಾಗ ನನಗಿದ್ದ ಅರ್ಹತೆ ಕೇಶಾಲಂಕಾರದ ಡಿಪ್ಲೊಮಾ ಮತ್ತು ಇಪ್ಪತ್ತು ಗಂಟೆಗಳ ತರಬೇತಿ. ಮಗುವಿನ ಪಕ್ಕ ಕೂರಿ, ಮಗುವಿನ ಬದಲು ಕೂರಬೇಡಿ ಎಂದು ಅಲ್ಲಿ ಹೇಳಿದ್ದರು. ಎರಡನೆಯದು ನನಗೆ ಮರೆತೇಹೋಯಿತು. ಅವಳ ಕೈ ನಡುಗುತ್ತದೆಂದು ಬ್ರೆಡ್ಡಿಗೆ ಜಾಮ್ ಸವರಿದೆ, ಪಾಠ ಬರೆದುಕೊಟ್ಟೆ, ಕೊನೆಗೆ ಭಾಗಾಕಾರದ ಉತ್ತರವನ್ನೂ ಪಿಸುಗುಟ್ಟತೊಡಗಿದೆ.

ಕಳೆದ ಗುರುವಾರ ಅವಳು ತಿರುಗಿ, “ನೆವೆಂಕಾ ಆಂಟಿ, ನೀವು ಹೇಳ್ತಿರೋ ಉತ್ತರ ತಪ್ಪು. ಸ್ವಲ್ಪ ಹಿಂದೆ ಹೋಗಿ ಕೂತ್ಕೊಳ್ಳಿ, ಬೋರ್ಡೂ ಕಾಣ್ತಿಲ್ಲ” ಎಂದಳು. ತರಗತಿಯೆಲ್ಲ ನಕ್ಕಿತು. ಕುರ್ಚಿ ಹೊತ್ತುಕೊಂಡು ಕೊನೆಯ ಬೆಂಚಿನ ಹಿಂದೆ ಹೋದೆ. ಅವಳು ನಿಧಾನವಾಗಿ ಬರೆದಳು. ಅಕ್ಷರಗಳು ಬೆಟ್ಟದಿಂದ ಕಡಲಿಗೆ ನುಗ್ಗುವ ಬೂರಾ ಬಿರುಗಾಳಿಗೆ ಸಿಕ್ಕ ದೋಣಿಗಳಂತೆ ವಾಲಿದರೂ ಒಂದೂ ಮುಳುಗಲಿಲ್ಲ. ಗಂಟೆ ಹೊಡೆಯುವುದಕ್ಕೂ ಅವಳು ಮುಗಿಸುವುದಕ್ಕೂ ಸರಿಹೋಯಿತು.

ನಮೂನೆಯಲ್ಲಿ ‘ಬೇಡ’ ಎಂದು ಬರೆದಿದ್ದೇನೆ. ಪರೀಕ್ಷೆಯಲ್ಲಿ ಮಾತ್ರ ಅವಳಿಗೆ ಹತ್ತು ನಿಮಿಷ ಹೆಚ್ಚು ಕೊಡಿಸಿ. ಒಂದನೇ ತರಗತಿಗೆ ಸೇರುವ ಮಕ್ಕಳಲ್ಲಿ ಯಾರಿಗಾದರೂ ಸಹಾಯಕಿ ಬೇಕಾದರೆ ನನ್ನನ್ನು ನೆನಪಿಸಿಕೊಳ್ಳಿ. ಸದ್ಯ ನಾನು ಸಂತೋಷವಾಗಿಯೇ ಇದ್ದೇನೆ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದವಳು ತೋಂಕಾ. ಓದಲು ತುಸು ಹೊತ್ತು ಹಿಡಿಯಬಹುದು. ನಾನು ಕೈ ಹಚ್ಚಿಲ್ಲ.

ನಿಮ್ಮ ವಿಶ್ವಾಸದ
ನೆವೆಂಕಾ