ಮಾಮನ ಕೈ

ಅಕ್ಕಾ,

ನೀನು ತೀರಿಕೊಂಡ ಮೇಲೆ ನಿನ್ನ ನಾಲ್ಕು ವರ್ಷದ ಮಗಳ ಸಂಜೆಗಳೆಲ್ಲ ನನ್ನ ಜೊತೆಗೇ ಕಳೆಯುತ್ತಿವೆ. ಸೋಮವಾರ ನಾನು ಬೇರೆ ಊರಿಗೆ ಕೆಲಸಕ್ಕೆ ಹೊರಡಬೇಕು. ಅವಳಿಗದು ಇನ್ನೂ ಗೊತ್ತಿಲ್ಲ. ಇನ್ನು ಸಂಜೆ ಹೊತ್ತು ಅವಳನ್ನು ಎಲ್ಲಿ ಬಿಡುವುದೆಂದು ಭಾವ ಕ್ಲಾಸು ಹುಡುಕುತ್ತಿದ್ದಾರೆ. ಡ್ಯಾನ್ಸ್ ಟೀಚರ್‌ಗೆ "ನೀವೇ ಕುಣೀರಿ" ಎಂದು ಹೇಳಿ ಮೂಲೆ ಹಿಡಿದಳು. ಚಿತ್ರದ ಕ್ಲಾಸಿನಲ್ಲಿ ನಿದ್ದೆ ಹೋದಳು. ಇವತ್ತು ಈಜು.

ಕೊಳದ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದೇ ನಿಂತಳು. ಈಜು ಕಲಿಸುವ ಮೇಡಂ ನೀರೊಳಗಿಂದ ತೋಳು ಚಾಚಿ, "ಮಾಮನ ಕೈ ಬಿಡು ಪುಟ್ಟಾ, ನಾನಿದ್ದೀನಿ" ಎಂದರು.

"ಬಿಡಲ್ಲ."

ಭಾವನ ಸಹನೆ ಕೆಟ್ಟಿತು. "ನೀನೇ ಬಿಡಿಸೋ. ಅರ್ಧಕ್ಕೇ ಸ್ಕೂಲು ಬಿಡೋವಾಗ ಯಾರನ್ನೂ ಕೇಳದೋನು, ಇದಕ್ಕೇನು ಯೋಚನೆ?"

ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ಅವಳು ಅಳಲಿಲ್ಲ.

"ಆಸ್ಪತ್ರೇಲೂ ಅಮ್ಮನ ಕೈ ಬಿಡು ಅಂದ್ರು. ನಾನು ಬಿಟ್ಟೆ."

ಮೇಡಂ ಚಾಚಿದ ತೋಳು ಇಳಿಸಿದರು. ಭಾವ ಗೋಡೆಯ ಕಡೆ ತಿರುಗಿ ಅವಳ ಟವೆಲ್ ಮಡಿಸಿದರು, ಬಿಡಿಸಿ ಮತ್ತೆ ಮಡಿಸಿದರು.

"ನೀನು ಬಿಡಲ್ಲ ತಾನೇ ಮಾಮಾ?"

ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವನು ನಾನು, ನಿನಗೇ ಗೊತ್ತಲ್ಲ. ಅದಕ್ಕೇ ಎಷ್ಟು ಸಲ ಬೈಸಿಕೊಂಡಿಲ್ಲ ನಿನ್ನ ಹತ್ತಿರ. ಆದರೂ "ಇಲ್ಲ ಪುಟ್ಟಿ" ಎಂದುಬಿಟ್ಟೆ. ಭಾವ ತಿರುಗಿ ನನ್ನನ್ನೇ ನೋಡಿದರು.

ಸೋಮವಾರ ಬಸ್ಸು ಹತ್ತಿದರೆ, ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದೇ ಆಗುತ್ತದೆ.